ಮುಟ್ಟು ನಿಂತ 13 ವರ್ಷಗಳ ಬಳಿಕ ಹಾರ್ಮೋನ್ ಚಿಕಿತ್ಸೆ: ಒಂದು ಪ್ರಕರಣ ಅಧ್ಯಯನ

64 ವರ್ಷದ ಮಹಿಳೆಯೊಬ್ಬರು ಹಾರ್ಮೋನ್ ಮರುಪೂರಣ ಚಿಕಿತ್ಸೆಯನ್ನು, ಅಂದರೆ ಎಚ್‌ಆರ್‌ಟಿಯನ್ನು, ಈಗ ಆರಂಭಿಸಬಹುದೇ ಎಂದು ಕೇಳಿಕೊಂಡು ಸ್ತ್ರೀರೋಗ ತಜ್ಞರ ಬಳಿಗೆ ಬಂದರು. ಕೊನೆಯ ಮುಟ್ಟು 51ನೇ ವಯಸ್ಸಿನಲ್ಲಿ ಆಗಿತ್ತು. ಗರ್ಭಕೋಶ ಮತ್ತು ಅಂಡಾಶಯಗಳು ಹಾಗೆಯೇ ಇದ್ದವು. ಆ ದಿನಗಳಲ್ಲಿಯೇ ಚಿಕಿತ್ಸೆಯ ಪ್ರಸ್ತಾಪ ಬಂದಿತ್ತಾದರೂ "ಕ್ಯಾನ್ಸರ್ ಬಂದೀತು, ಬೇಡ" ಎಂಬ ಒಂದೇ ಮಾತಿನಲ್ಲಿ ಅದು ಮುಗಿದುಹೋಗಿತ್ತು. ಈಗ 55ರ ತಂಗಿ ಎರಡು ವರ್ಷಗಳಿಂದ ಚರ್ಮಕ್ಕೆ ಅಂಟಿಸುವ ಈಸ್ಟ್ರೋಜೆನ್ ಹಾರ್ಮೋನಿನ ಪ್ಯಾಚ್ ಬಳಸುತ್ತಿದ್ದಾಳೆ, ರಾತ್ರಿ ನೆಮ್ಮದಿಯಾಗಿ ನಿದ್ರಿಸುತ್ತಾಳೆ. ಅವಳಿಗೆ ಒಗ್ಗಿದ್ದು ತನಗೇಕೆ ಒಗ್ಗದು ಎಂಬುದು ಅಕ್ಕನ ಪ್ರಶ್ನೆ. ಅದರ ಜೊತೆಗೆ, ಈ ಔಷಧಿ ಹೃದಯಕ್ಕೂ ನೆನಪಿನ ಶಕ್ತಿಗೂ ಒಳ್ಳೆಯದಂತೆ ಎಂಬ ಕೇಳಿದ ಮಾತೂ ಅವರೊಂದಿಗೆ ಬಂದಿತ್ತು.

ಇಲ್ಲಿ ವಿವರಿಸಿರುವ ಮಹಿಳೆ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಋತುಬಂಧದ ಚಿಕಿತ್ಸೆಯಲ್ಲಿ ಮತ್ತೆ ಮತ್ತೆ ಎದುರಾಗುವ ಸನ್ನಿವೇಶವನ್ನು ಒಂದೇ ಪ್ರಕರಣವಾಗಿ ಕಟ್ಟಿಕೊಡಲಾಗಿದೆ. "ಎಚ್‌ಆರ್‌ಟಿ ಕೊಡಬಹುದೇ, ಬಾರದೇ" ಎಂದು ಒಟ್ಟಾರೆಯಾಗಿ ಕೇಳಿದರೆ ಈ ವಯಸ್ಸಿನಲ್ಲಿ ಬಹುತೇಕ "ಬೇಡ" ಎಂಬ ಉತ್ತರವೇ ಸಿಗುತ್ತದೆ. ದೂರುಗಳನ್ನು ಒಂದೊಂದಾಗಿ ಬಿಡಿಸಿ, ಯಾವುದಕ್ಕೆ ಯಾವ ಔಷಧಿ, ಎಷ್ಟು, ಯಾವ ದಾರಿಯಿಂದ ಎಂದು ಕೇಳಿದಾಗ ಮಾತ್ರ ಪ್ರಶ್ನೆಗೆ ಸರಿಯಾದ ರೂಪ ಬರುತ್ತದೆ.

ದೂರುಗಳು ಮತ್ತು ಪರೀಕ್ಷೆಗಳು

ಹಗಲಿನಲ್ಲಿ ಆರೇಳು ಬಾರಿ ಎದೆಯಿಂದ ಮುಖದವರೆಗೆ ಬಿಸಿ ಝಳ ಏರುತ್ತಿತ್ತು; ರಾತ್ರಿ ಮೂರು ನಾಲ್ಕು ಬಾರಿ ಬೆವರಿ ಎಚ್ಚರವಾಗುತ್ತಿತ್ತು. ಮುಟ್ಟು ನಿಲ್ಲುವ ಮೊದಲೇ ಶುರುವಾದ ಈ ತೊಂದರೆ 13 ವರ್ಷಗಳಲ್ಲಿ ಕಡಿಮೆಯಾಗಿತ್ತೇ ಹೊರತು ಪೂರ್ತಿ ನಿಂತಿರಲಿಲ್ಲ. ಬೆರಳುಗಳ ಕೀಲುಗಳಲ್ಲಿ ಬೆಳಗಿನ ಬಿಗಿತ ಮತ್ತು ಹೆಸರುಗಳು ನಾಲಿಗೆಯ ತುದಿಯಲ್ಲಿಯೇ ನಿಂತುಬಿಡುವ ಮರೆವನ್ನು ಅವರು ತಾವಾಗಿಯೇ ಹೇಳಿಕೊಂಡರು. ಯೋನಿಯ ಶುಷ್ಕತೆ, ಉರಿ ಮತ್ತು ಸಂಭೋಗದ ನೋವನ್ನು ಮಾತ್ರ ನೇರವಾಗಿ ಕೇಳಿದ ಮೇಲೆ ಒಪ್ಪಿಕೊಂಡರು. ಹಿಂದಿನ ಒಂದು ವರ್ಷದಲ್ಲಿ ನಾಲ್ಕು ಬಾರಿ ಮೂತ್ರದ ಸೋಂಕಾಗಿತ್ತು, ನಾಲ್ಕು ಬಾರಿಯೂ ಬೇರೆ ಬೇರೆ ಆಂಟಿಬಯೋಟಿಕ್ ಕೊಡಲಾಗಿತ್ತು. ಆ ಸೋಂಕುಗಳಿಗೂ ಋತುಬಂಧಕ್ಕೂ ಸಂಬಂಧವಿರಬಹುದೆಂದು ಅಲ್ಲಿಯವರೆಗೆ ಅವರಿಗೆ ಯಾರೂ ಹೇಳಿರಲಿಲ್ಲ.

ರಕ್ತದೊತ್ತಡ 148/92 ಇತ್ತು, ಅದಕ್ಕೆ ಔಷಧಿ ಇರಲಿಲ್ಲ. ದೇಹದ ತೂಕದ ಸೂಚ್ಯಂಕ 29, ರಕ್ತದಲ್ಲಿನ ಸಕ್ಕರೆಯ ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಶೇಕಡಾ 6.0. ಥೈರಾಯ್ಡ್ ಸರಿಯಾಗಿತ್ತು, ಮ್ಯಾಮೊಗ್ರಾಂನಲ್ಲಿ ದೋಷ ಕಾಣಲಿಲ್ಲ, ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಒಳಪದರ 3 ಮಿಲಿಮೀಟರ್ ಇತ್ತು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಪ್ರಕಾರ ಸೊಂಟದ ಕೀಲಿನ ಟಿ-ಸ್ಕೋರ್ ಮೈನಸ್ 2.2, ಅಂದರೆ ಮೂಳೆ ಸವೆತದ ಗಡಿಯಾದ ಮೈನಸ್ 2.5ಕ್ಕೆ ಇನ್ನೂ ಮುಟ್ಟಿರಲಿಲ್ಲ, ಆದರೆ ದೂರವೂ ಇರಲಿಲ್ಲ. ತಾಯಿ 78ನೇ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ರಕ್ತ ಹೆಪ್ಪುಗಟ್ಟಿದ ಇತಿಹಾಸ, ಹೃದಯಾಘಾತ, ಪಾರ್ಶ್ವವಾಯು, ಧೂಮಪಾನ, ಮನೆತನದಲ್ಲಿ ಸ್ತನ ಕ್ಯಾನ್ಸರ್, ಇವು ಯಾವುವೂ ಇರಲಿಲ್ಲ. ಮುಂದಿನ 10 ವರ್ಷಗಳಲ್ಲಿ ಹೃದಯ-ರಕ್ತನಾಳದ ಕಾಯಿಲೆ ಬರುವ ಸಂಭವ ಲೆಕ್ಕ ಹಾಕಿದಾಗ ಶೇಕಡಾ 8ರ ಆಸುಪಾಸಿಗೆ ಬಂದಿತು. ಶೇಕಡಾ 10 ದಾಟಿದ್ದರೆ ದೇಹಕ್ಕೆಲ್ಲ ಹರಡುವ ಹಾರ್ಮೋನಿನ ಮಾತನ್ನು ಅಲ್ಲಿಗೇ ಬಿಡಬೇಕಾಗುತ್ತಿತ್ತು.

ಒಳಪರೀಕ್ಷೆಯಲ್ಲಿ ಯೋನಿಯ ಗೋಡೆ ಬಿಳಿಚಿಕೊಂಡು, ಮಡಿಕೆಗಳಿಲ್ಲದೆ ನುಣುಪಾಗಿ, ಉಪಕರಣ ತಾಗಿದಲ್ಲಿ ಸಣ್ಣ ರಕ್ತದ ಚುಕ್ಕೆಗಳನ್ನು ತೋರಿಸುವಷ್ಟು ತೆಳುವಾಗಿತ್ತು. ಅಲ್ಲಿಗೆ ತಾಗಿಸಿದ ಪಿಎಚ್ ಪಟ್ಟಿಯ ಬಣ್ಣ 6.5 ಎಂದು ತೋರಿಸಿತು. ಸಂತಾನೋತ್ಪತ್ತಿಯ ವಯಸ್ಸಿನಲ್ಲಿ ಇದು ಸಾಮಾನ್ಯವಾಗಿ 4.5ಕ್ಕಿಂತ ಕೆಳಗಿರುತ್ತದೆ.

ಕಾಲದ ಪ್ರಶ್ನೆ

ತಂಗಿಗೆ ಒಗ್ಗಿದ್ದು ಅಕ್ಕನಿಗೆ ಏಕೆ ಸುಲಭವಲ್ಲ ಎಂಬುದನ್ನು ವಿವರಿಸಲು ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅಧ್ಯಯನಕ್ಕೆ ಹೋಗಲೇಬೇಕು. ಗರ್ಭಕೋಶವಿದ್ದ 16,608 ಮಹಿಳೆಯರಿಗೆ ಕುದುರೆಯ ಮೂತ್ರದಿಂದ ತೆಗೆದ ಸಂಯುಕ್ತ ಈಸ್ಟ್ರೋಜೆನ್ ಮತ್ತು ಕೃತಕ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಹಾರ್ಮೋನಿನಂತೆ ಕೆಲಸ ಮಾಡುವ ಔಷಧಿ) ಸೇರಿದ ಗುಳಿಗೆಯನ್ನು ಅಥವಾ ಔಷಧಿಯಿಲ್ಲದ ಹುಸಿ ಗುಳಿಗೆಯನ್ನು ಕೊಟ್ಟು ನಡೆಸಿದ ಆ ಪ್ರಯೋಗವನ್ನು, ಅಪಾಯ ಲಾಭಕ್ಕಿಂತ ಹೆಚ್ಚೆಂದು ಕಂಡುಬಂದ ಕಾರಣ, 2002ರ ಜುಲೈನಲ್ಲಿ ಅವಧಿಗೆ ಮೊದಲೇ ನಿಲ್ಲಿಸಲಾಯಿತು. ವರ್ಷಕ್ಕೆ 10,000 ಮಹಿಳೆಯರಲ್ಲಿ ಹೃದಯಾಘಾತದಂಥ ಘಟನೆಗಳು 7, ಪಾರ್ಶ್ವವಾಯು 8, ಶ್ವಾಸಕೋಶದ ರಕ್ತಗಡ್ಡೆ 8, ಸ್ತನ ಕ್ಯಾನ್ಸರ್ 8 ಹೆಚ್ಚಾಗಿದ್ದವು. ದೊಡ್ಡ ಕರುಳಿನ ಕ್ಯಾನ್ಸರ್ 6, ಸೊಂಟದ ಮೂಳೆಮುರಿತ 5 ಕಡಿಮೆಯಾಗಿದ್ದವು. ಜಗತ್ತಿನಾದ್ಯಂತ ಲಕ್ಷಾಂತರ ಮಹಿಳೆಯರು ಔಷಧಿ ಬಿಟ್ಟರು, ವೈದ್ಯರು ಬರೆಯುವುದನ್ನು ಬಿಟ್ಟರು. ಅಧ್ಯಯನಕ್ಕೆ ಸೇರಿದವರ ಸರಾಸರಿ ವಯಸ್ಸು 63 ಎಂಬ ಅಂಶ ಆ ಗದ್ದಲದಲ್ಲಿ ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ಐವತ್ತರ ಮಹಿಳೆಯರು ಅರವತ್ತು ದಾಟಿದವರ ಫಲಿತಾಂಶವನ್ನು ತಮ್ಮದೆಂದುಕೊಂಡು ವರ್ಷಗಟ್ಟಲೆ ಬೆವರಿದರು. ಈ ಪ್ರಕರಣದ ಮಹಿಳೆಯೂ ಅವರಲ್ಲಿ ಒಬ್ಬರು. ವಿಪರ್ಯಾಸವೆಂದರೆ, 51ರಲ್ಲಿ ಅವರಿಗೆ ಅಷ್ಟಾಗಿ ಅನ್ವಯಿಸದಿದ್ದ ಆ ಅಂಕಿಗಳು 64ರಲ್ಲಿ ನಿಜವಾಗಿಯೇ ಅನ್ವಯಿಸುತ್ತವೆ.

2007ರಲ್ಲಿ ಅದೇ ಅಧ್ಯಯನದ ಮಾಹಿತಿಯನ್ನು ಋತುಬಂಧವಾಗಿ ಎಷ್ಟು ವರ್ಷವಾಯಿತು ಎಂಬುದರ ಪ್ರಕಾರ ವಿಂಗಡಿಸಿದಾಗ ಚಿತ್ರ ಬದಲಾಯಿತು. 10 ವರ್ಷದೊಳಗೆ ಆರಂಭಿಸಿದವರಲ್ಲಿ ಹೃದ್ರೋಗದ ಸಾಪೇಕ್ಷ ಅಪಾಯ (ಹುಸಿ ಗುಳಿಗೆ ಪಡೆದವರ ಅಪಾಯವನ್ನು 1 ಎಂದಿಟ್ಟುಕೊಂಡರೆ) 0.76, 10ರಿಂದ 19 ವರ್ಷ ಕಳೆದವರಲ್ಲಿ 1.10, 20 ವರ್ಷ ದಾಟಿದವರಲ್ಲಿ 1.28 ಇತ್ತು. ಬಿಡಿಬಿಡಿಯಾಗಿ ನೋಡಿದರೆ ಇವು ಖಚಿತ ಅಂಕಿಗಳಲ್ಲ, ಆದರೆ ಏರುವ ದಿಕ್ಕು ಸ್ಪಷ್ಟ. ಪಾರ್ಶ್ವವಾಯುವಿನ ಅಪಾಯದಲ್ಲಿ ಮಾತ್ರ ಇಂಥ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ಪ್ರಕಟವಾದ ಎಲೈಟ್ ಎಂಬ ಪ್ರಯೋಗ 643 ಮಹಿಳೆಯರ ಕುತ್ತಿಗೆಯ ರಕ್ತನಾಳದ ಗೋಡೆಯ ದಪ್ಪವನ್ನು ಅಳೆದು, ಋತುಬಂಧದ 6 ವರ್ಷದೊಳಗೆ ಎಸ್ಟ್ರಡಯೋಲ್ ಎಂಬ ಬಗೆಯ ಈಸ್ಟ್ರೋಜೆನ್ ಪಡೆದವರಲ್ಲಿ ಗೋಡೆ ದಪ್ಪವಾಗುವ ವೇಗ ತಗ್ಗಿದ್ದನ್ನೂ, 10 ವರ್ಷ ಕಳೆದ ಮೇಲೆ ಪಡೆದವರಲ್ಲಿ ಏನೂ ಬದಲಾಗದಿದ್ದುದನ್ನೂ ತೋರಿಸಿತು. ಆರೋಗ್ಯವಾಗಿರುವ ರಕ್ತನಾಳದ ಒಳಪೊರೆಯನ್ನು ಈಸ್ಟ್ರೋಜೆನ್ ಮೃದುವಾಗಿಡುತ್ತದೆ. ಆದರೆ ವರ್ಷಗಳ ಕಾಲ ಹಾರ್ಮೋನಿಲ್ಲದೆ ಕೊಬ್ಬಿನ ಪದರ ಕಟ್ಟಿಕೊಂಡ ಮೇಲೆ ಅದು ಆ ಪದರದ ಮುಚ್ಚಳವನ್ನು ಸಡಿಲಗೊಳಿಸಿ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯನ್ನೂ ಹೆಚ್ಚಿಸಿ, ಹಾನಿಗೆ ಕಾರಣವಾಗಬಹುದು ಎಂಬುದು ಇದಕ್ಕೆ ಕೊಡುವ ವಿವರಣೆ.

ನೆನಪಿನ ಶಕ್ತಿಗಾಗಿ ಔಷಧಿ ಬೇಕೆಂಬ ಆಸೆಗೆ ಉತ್ತರ ಇನ್ನೂ ನೇರ. 65 ದಾಟಿದ ಮಹಿಳೆಯರನ್ನು ಒಳಗೊಂಡ, 2003ರಲ್ಲಿ ಪ್ರಕಟವಾದ, ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್‌ನದೇ ಉಪ ಅಧ್ಯಯನದಲ್ಲಿ ಎರಡು ಹಾರ್ಮೋನುಗಳು ಸೇರಿದ ಅದೇ ಗುಳಿಗೆ ಪಡೆದವರಲ್ಲಿ ಡಿಮೆನ್ಷಿಯ, ಅಂದರೆ ತೀವ್ರ ಮರೆವಿನ ಕಾಯಿಲೆ, ಸುಮಾರು ಎರಡು ಪಟ್ಟು ಕಂಡಿತ್ತು. ಹೃದಯದ ರಕ್ಷಣೆಗಾಗಿ, ಮರೆವಿನ ತಡೆಗಾಗಿ ಈ ವಯಸ್ಸಿನಲ್ಲಿ ಎಚ್‌ಆರ್‌ಟಿ ಆರಂಭಿಸುವುದಕ್ಕೆ ಆಧಾರವಿಲ್ಲವೆಂದು ಮೊದಲ ಭೇಟಿಯಲ್ಲಿಯೇ ಹೇಳಲಾಯಿತು. 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಈ ಔಷಧಿಗಳ ಮೇಲಿನ, ಗಂಭೀರ ಅಪಾಯ ಸೂಚಿಸುವ ಕಪ್ಪು ಚೌಕಟ್ಟಿನ ಎಚ್ಚರಿಕೆಗಳಲ್ಲಿ ಹೆಚ್ಚಿನವನ್ನು ತೆಗೆಯುವುದಾಗಿ ಪ್ರಕಟಿಸಿದ ಸುದ್ದಿಯನ್ನು ಓದಿ, ಇನ್ನು ಯಾವ ವಯಸ್ಸಿನವರೂ ಧೈರ್ಯವಾಗಿ ಆರಂಭಿಸಬಹುದೆಂದು ತಿಳಿಯುವವರಿದ್ದಾರೆ. ಆ ಪ್ರಕಟಣೆಯಲ್ಲಿಯೂ ಆರಂಭಕ್ಕೆ ಸೂಕ್ತವೆಂದು ಹೇಳಿರುವುದು 60ರೊಳಗಿನ ವಯಸ್ಸು ಅಥವಾ ಋತುಬಂಧದ ನಂತರದ ಮೊದಲ 10 ವರ್ಷಗಳೇ.

ಮೊದಲ ಮೂರು ತಿಂಗಳು

ಯೋನಿ ಮತ್ತು ಮೂತ್ರದ ತೊಂದರೆಗೆ ಈ ಕಾಲದ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ. ಯೋನಿಯೊಳಗೆ ಇಡುವ 10 ಮೈಕ್ರೊಗ್ರಾಂ ಎಸ್ಟ್ರಡಯೋಲ್ ಗುಳಿಗೆಯಿಂದ ರಕ್ತದಲ್ಲಿನ ಹಾರ್ಮೋನಿನ ಮಟ್ಟ ಋತುಬಂಧದ ನಂತರದ ಸಹಜ ಮಿತಿಯಲ್ಲಿಯೇ ಉಳಿಯುತ್ತದೆ. ಈಸ್ಟ್ರೋಜೆನ್‌ನಿಂದ ಗರ್ಭಕೋಶದ ಒಳಪದರ ಬೆಳೆಯದಂತೆ ತಡೆಯುವ ಪ್ರೊಜೆಸ್ಟರಾನನ್ನು ಜೊತೆಗೂಡಿಸಬೇಕಿಲ್ಲ. ಆದ್ದರಿಂದ ಅದನ್ನು ಅಂದೇ ಬರೆದುಕೊಡಲಾಯಿತು: ಎರಡು ವಾರ ದಿನಕ್ಕೊಂದು, ಆಮೇಲೆ ವಾರಕ್ಕೆ ಎರಡು. ಮನೆಗೆ ಹೋಗಿ ಔಷಧಿಯ ಜೊತೆಗಿದ್ದ ಮಾಹಿತಿ ಚೀಟಿಯಲ್ಲಿ ಪಾರ್ಶ್ವವಾಯು, ಕ್ಯಾನ್ಸರ್ ಎಂಬ ಪದಗಳನ್ನು ಓದಿ ಅವರು ನಾಲ್ಕು ದಿನ ಪೊಟ್ಟಣ ಬಿಚ್ಚಲಿಲ್ಲ. ಆ ಎಚ್ಚರಿಕೆ ದೊಡ್ಡ ಪ್ರಮಾಣದ ಗುಳಿಗೆಗಳಿಂದ ಎರವಲು ಬಂದದ್ದೆಂದು ದೂರವಾಣಿಯಲ್ಲಿ ವಿವರಿಸಿದ ಮೇಲೆ ಆರಂಭಿಸಿದರು. ಇಷ್ಟು ನಿರುಪದ್ರವಿಯಾದ ಔಷಧಿಯೊಂದು ವರ್ಷಗಳ ಕಾಲ ಅಷ್ಟು ಭಯಂಕರವಾದ ಚೀಟಿಯನ್ನು ಹೊತ್ತು ತಿರುಗಿದ್ದು ಮಹಿಳೆಯರ ಆರೋಗ್ಯಕ್ಕಾದ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಮೂತ್ರದ ಸೋಂಕು ತಗ್ಗುವ ಬಗೆ ಹೀಗೆ: ಈಸ್ಟ್ರೋಜೆನ್ ಸಿಕ್ಕಾಗ ಯೋನಿಯ ಕೋಶಗಳಲ್ಲಿ ಗ್ಲೈಕೋಜೆನ್ ತುಂಬುತ್ತದೆ, ಅದನ್ನು ಉಂಡು ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಮರಳಿ ನೆಲೆಸುತ್ತವೆ, ಅವು ಹೊರಸೂಸುವ ಲ್ಯಾಕ್ಟಿಕ್ ಆಮ್ಲದಿಂದ ಪಿಎಚ್ ಇಳಿಯುತ್ತದೆ, ಕರುಳಿನಿಂದ ಬರುವ ಇ. ಕೋಲಿಗೆ ಅಲ್ಲಿ ನೆಲೆಯೂರಲು ಕಷ್ಟವಾಗುತ್ತದೆ. 1993ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಎಸ್ಟ್ರಿಯೋಲ್ ಎಂಬ ಈಸ್ಟ್ರೋಜೆನ್ ಕ್ರೀಮನ್ನು ಯೋನಿಗೆ ಬಳಸಿದವರಿಗೆ ವರ್ಷಕ್ಕೆ ಸರಾಸರಿ 0.5 ಸೋಂಕು, ಹುಸಿ ಕ್ರೀಮ್ ಬಳಸಿದವರಿಗೆ 5.9 ಸೋಂಕು ಆಗಿತ್ತು. ಇಲ್ಲಿಯೂ ಮೂರನೆಯ ತಿಂಗಳಲ್ಲಿ ಪಿಎಚ್ ಪಟ್ಟಿ 4.5 ತೋರಿಸಿತು, ಉರಿ ಹೋಗಿತ್ತು, ಹೊಸ ಸೋಂಕು ಬಂದಿರಲಿಲ್ಲ.

ರಾತ್ರಿಯ ಎಚ್ಚರದ ಕಥೆ ಬೇರೆಯೇ ಆಗಿತ್ತು. ಬಿಸಿ ಝಳ ಸರಾಸರಿ ಏಳೂವರೆ ವರ್ಷದ ಆಸುಪಾಸು ಇರುತ್ತದೆಂದು ದೀರ್ಘಕಾಲದ ಅಧ್ಯಯನಗಳು ತೋರಿಸಿವೆ. ಹತ್ತು ವರ್ಷ ಮೀರಿ ಉಳಿಯುವುದು ಅಪರೂಪವಲ್ಲ. ಆದರೂ 64ರಲ್ಲಿ ರಾತ್ರಿ ಬೆವರುವವರಲ್ಲಿ ಎಲ್ಲವನ್ನೂ ಋತುಬಂಧದ ತಲೆಗೆ ಕಟ್ಟುವಂತಿಲ್ಲ: ಥೈರಾಯ್ಡ್, ದೀರ್ಘಕಾಲದ ಸೋಂಕು, ಕೆಲವು ಔಷಧಿಗಳು, ರಕ್ತದ ಕ್ಯಾನ್ಸರ್, ನಿದ್ರೆಯಲ್ಲಿ ಉಸಿರು ಕಟ್ಟುವುದು, ಇವನ್ನೆಲ್ಲ ನೋಡಬೇಕು. ಜೊತೆಗೆ ಬಂದಿದ್ದ ಪತಿಯನ್ನು ಕೇಳಿದಾಗ, ಗೊರಕೆ ನಡುವೆ ಇದ್ದಕ್ಕಿದ್ದಂತೆ ನಿಂತು ಆಮೇಲೆ ಏದುಸಿರಿನೊಂದಿಗೆ ಮತ್ತೆ ಶುರುವಾಗುತ್ತದೆ ಎಂದರು. ನಿದ್ರೆಯ ಪರೀಕ್ಷೆಯಲ್ಲಿ ಗಂಟೆಗೆ 19 ಬಾರಿ ಉಸಿರು ಕಟ್ಟುತ್ತಿತ್ತು ಅಥವಾ ತೀರಾ ತಗ್ಗುತ್ತಿತ್ತು. ಇದು ಮಧ್ಯಮ ಮಟ್ಟದ ಸ್ಲೀಪ್ ಆಪ್ನಿಯ. ಋತುಬಂಧದ ನಂತರ ಮಹಿಳೆಯರಲ್ಲಿ ಇದು ಹೆಚ್ಚುತ್ತದೆ, ರಕ್ತದೊತ್ತಡವನ್ನೂ ಏರಿಸುತ್ತದೆ. ಆದರೆ ಗೊರಕೆ ಗಂಡಸರ ಕಾಯಿಲೆಯೆಂಬ ರೂಢಿಯ ತಿಳಿವಳಿಕೆಯಿಂದ ಹೆಂಗಸರಲ್ಲಿ ಯಾರೂ ಕೇಳುವುದಿಲ್ಲ. ನಿದ್ರೆಯಲ್ಲಿ ಮುಖವಾಡದ ಮೂಲಕ ಗಾಳಿಯೊತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಮತ್ತು ರಕ್ತದೊತ್ತಡದ ಗುಳಿಗೆ ಆರಂಭವಾದವು. ಮೂರು ತಿಂಗಳಲ್ಲಿ ರಾತ್ರಿಯ ಎಚ್ಚರ ಒಂದಕ್ಕೆ ಇಳಿಯಿತು, ರಕ್ತದೊತ್ತಡ 132/82 ಆಯಿತು, ಮರೆವಿನ ದೂರು ಅವರ ಬಾಯಲ್ಲಿಯೇ ಕಡಿಮೆಯಾಯಿತು. ತಂಗಿಯ ಪ್ಯಾಚನ್ನು ಮೊದಲ ದಿನವೇ ಅಂಟಿಸಿದ್ದರೆ ಈ ಕಾಯಿಲೆ ಬಹುಶಃ ಪತ್ತೆಯಾಗುತ್ತಿರಲಿಲ್ಲ.

ಪ್ಯಾಚ್‌ನ ನಿರ್ಧಾರ

ಹಗಲಿನ ಬಿಸಿ ಝಳ ಮಾತ್ರ ಹಾಗೆಯೇ ಉಳಿಯಿತು. ಮೊದಲು ಹಾರ್ಮೋನ್ ಅಲ್ಲದ ದಾರಿಗಳನ್ನು ನೋಡಲಾಯಿತು. ನರನೋವಿಗೂ ಬಳಸುವ ಗ್ಯಾಬಪೆಂಟಿನ್ ಔಷಧಿಯನ್ನು ರಾತ್ರಿ 300 ಮಿಲಿಗ್ರಾಂ ಕೊಟ್ಟಾಗ ಝಳ ಸ್ವಲ್ಪ ತಗ್ಗಿತು, ಆದರೆ ನಡುರಾತ್ರಿ ಎದ್ದಾಗ ತಲೆ ತಿರುಗಿ ಗೋಡೆ ಹಿಡಿಯಬೇಕಾಯಿತು. ಮೂಳೆ ತೆಳುವಾದವರಿಗೆ ಬೀಳಿಸುವ ಔಷಧಿಯನ್ನು ಮುಂದುವರಿಸುವುದರಲ್ಲಿ ಅರ್ಥವಿರಲಿಲ್ಲ. ಖಿನ್ನತೆಗೂ ಝಳಕ್ಕೂ ಬಳಸುವ ಔಷಧಿಗಳಲ್ಲಿ ವೆನ್ಲಾಫ್ಯಾಕ್ಸಿನ್ ರಕ್ತದೊತ್ತಡ ಏರಿಸಬಹುದೆಂಬ ಕಾರಣಕ್ಕೆ ಕೈಬಿಡಲಾಯಿತು. ಕಡಿಮೆ ಪ್ರಮಾಣದ ಪ್ಯಾರೊಕ್ಸೆಟಿನ್ ಸಾಧ್ಯವಿತ್ತು. ಖಿನ್ನತೆಯ ಗುಳಿಗೆ ಬೇಡವೆಂದು ಅವರೇ ನಿರಾಕರಿಸಿದರು. ಮಿದುಳಿನ ತಾಪ ನಿಯಂತ್ರಣ ಕೇಂದ್ರದ ಮೇಲೆ ನೇರವಾಗಿ ಕೆಲಸ ಮಾಡುವ, 2023ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಫೆಜೊಲಿನೆಟಂಟ್ ಅವರಿಗೆ ದೊರೆಯುವಂತಿರಲಿಲ್ಲ.

ಆರನೆಯ ತಿಂಗಳಲ್ಲಿ ಮತ್ತೆ ಕುಳಿತು ಮಾತನಾಡಲಾಯಿತು. 60 ದಾಟಿದವರಲ್ಲಿ ಅಥವಾ 10 ವರ್ಷ ಕಳೆದವರಲ್ಲಿ ಲಾಭ-ನಷ್ಟದ ತಕ್ಕಡಿ ಅಷ್ಟು ಅನುಕೂಲವಾಗಿರುವುದಿಲ್ಲ ಎಂದು ಋತುಬಂಧದ ತಜ್ಞರ ಸಂಘಟನೆಗಳು ಹೇಳುತ್ತವೆ. ಎಂದೂ ಕೂಡದು ಎಂದು ಹೇಳುವುದಿಲ್ಲ. ಆ ಅಂತರದಲ್ಲಿಯೇ ಈ ನಿರ್ಧಾರ ನಿಂತಿತ್ತು. ಬಾಯಿಯಿಂದ ನುಂಗಿದ ಈಸ್ಟ್ರೋಜೆನ್ ಕರುಳಿನಿಂದ ನೇರವಾಗಿ ಯಕೃತ್ತಿಗೆ ಹೋಗಿ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಚರ್ಮದ ಮೂಲಕ ಹೋದದ್ದು ಆ ದಾರಿಯನ್ನು ತಪ್ಪಿಸುತ್ತದೆ. ಗುಳಿಗೆ ಬಳಸುವವರಲ್ಲಿ ಕಾಲಿನ ಮತ್ತು ಶ್ವಾಸಕೋಶದ ರಕ್ತಗಡ್ಡೆಗಳು ಹೆಚ್ಚಾಗುವುದನ್ನೂ ಪ್ಯಾಚ್ ಬಳಸುವವರಲ್ಲಿ ಅಂಥ ಏರಿಕೆ ಕಾಣದಿರುವುದನ್ನೂ ಫ್ರಾನ್ಸಿನ ಎಸ್ತೆರ್ ಅಧ್ಯಯನ ಮತ್ತು ಆಮೇಲೆ ಬ್ರಿಟನ್ನಿನ ದೊಡ್ಡ ದಾಖಲೆಗಳ ವಿಶ್ಲೇಷಣೆ ತೋರಿಸಿವೆ. ಪಾರ್ಶ್ವವಾಯುವಿನ ವಿಚಾರದಲ್ಲಿಯೂ 50 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಕಡಿಮೆಯ ಪ್ಯಾಚ್‌ನಲ್ಲಿ ಏರಿಕೆ ಕಂಡಿಲ್ಲ. ಇವು ವೀಕ್ಷಣೆಯ ಅಧ್ಯಯನಗಳು, ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗಗಳಲ್ಲ; ಜೊತೆಗೆ 60 ದಾಟಿ ಹೊಸದಾಗಿ ಆರಂಭಿಸಿದವರ ಸಂಖ್ಯೆ ಅವುಗಳಲ್ಲಿ ಹೆಚ್ಚಿರಲಿಲ್ಲ. ಈ ಮಿತಿಯನ್ನೂ ಅವರಿಗೆ ಮುಚ್ಚಿಡಲಿಲ್ಲ.

ಸ್ತನ ಕ್ಯಾನ್ಸರಿನ ಅಪಾಯ ಮುಖ್ಯವಾಗಿ ಪ್ರೊಜೆಸ್ಟಿನ್ ಸೇರಿದಾಗ, ಬಳಕೆಯ ಅವಧಿಯೊಂದಿಗೆ ಏರುತ್ತದೆ. ಗರ್ಭಕೋಶವಿರುವುದರಿಂದ ಪ್ರೊಜೆಸ್ಟರಾನನ್ನು ಬಿಡುವಂತಿರಲಿಲ್ಲ. ಆದ್ದರಿಂದ ಅತಿ ಸಣ್ಣ ಪ್ರಮಾಣ, ಸೀಮಿತ ಅವಧಿ ಎಂದು ಒಪ್ಪಂದವಾಯಿತು: ದಿನಕ್ಕೆ 25 ಮೈಕ್ರೊಗ್ರಾಂ ಎಸ್ಟ್ರಡಯೋಲ್ ಬಿಡುಗಡೆ ಮಾಡುವ, ವಾರಕ್ಕೆ ಎರಡು ಬಾರಿ ಬದಲಿಸುವ ಪ್ಯಾಚ್, ಕಿಬ್ಬೊಟ್ಟೆ ಅಥವಾ ಪೃಷ್ಠದ ಮೇಲೆ, ಪ್ರತಿ ರಾತ್ರಿ 100 ಮಿಲಿಗ್ರಾಂ ಮೈಕ್ರೊನೈಸ್ಡ್ ಪ್ರೊಜೆಸ್ಟರಾನ್ ಕ್ಯಾಪ್ಸೂಲ್, ವರ್ಷ ತುಂಬಿದಾಗ ಮುಂದುವರಿಸಬೇಕೇ ಎಂಬ ಮರುಪರಿಶೀಲನೆ. ಎದೆನೋವು, ಒಂದು ಕಾಲಿನ ಊತ, ಮಾತು ತೊದಲುವುದು, ಕೈಕಾಲಿನ ಬಲ ಕುಂದುವುದು, ಇವುಗಳಲ್ಲಿ ಯಾವುದು ಕಂಡರೂ ಪ್ಯಾಚ್ ಕಿತ್ತು ತಕ್ಷಣ ಆಸ್ಪತ್ರೆಗೆ ಬರಬೇಕೆಂದು ಬರೆದು ಕೊಡಲಾಯಿತು. ಮೂರು ವಾರಗಳಲ್ಲಿ ಹಗಲಿನ ಝಳ ಒಂದೆರಡಕ್ಕೆ ಇಳಿಯಿತು. ತಡವಾಗಿ ಆರಂಭಿಸುವವರಿಗೆ ಇಷ್ಟು ಸಣ್ಣ ಪ್ರಮಾಣವೇ ಹಲವು ಬಾರಿ ಸಾಕಾಗುತ್ತದೆ; ತಂಗಿಯ 50 ಮೈಕ್ರೊಗ್ರಾಂಗೆ ಏರಿಸುವ ಅಗತ್ಯ ಬೀಳಲಿಲ್ಲ.

ರಕ್ತಸ್ರಾವ

ಪ್ಯಾಚ್ ಆರಂಭಿಸಿದ ಐದನೆಯ ತಿಂಗಳಲ್ಲಿ ಅವರಿಗೆ ಎರಡು ದಿನ ರಕ್ತದ ಕಲೆ ಕಾಣಿಸಿತು. ಹೊಸದಾಗಿ ಎಚ್‌ಆರ್‌ಟಿ ಆರಂಭಿಸಿದವರಲ್ಲಿ ಮೊದಲ ಆರು ತಿಂಗಳು ಹೀಗಾಗುವುದುಂಟು, ಹೆಚ್ಚಿನ ಸಲ ಅದು ತಾನಾಗಿಯೇ ನಿಲ್ಲುತ್ತದೆ. ಆದರೆ 14 ವರ್ಷ ಶಾಂತವಾಗಿದ್ದ ಗರ್ಭಕೋಶದಿಂದ ಬಂದ ರಕ್ತವನ್ನು ಸುಮ್ಮನೆ ಬಿಡುವುದು ಸರಿಯೆನಿಸಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಒಳಪದರ 3ರಿಂದ 7 ಮಿಲಿಮೀಟರಿಗೆ ಏರಿತ್ತು. ಔಷಧಿಯನ್ನು ಹೇಗೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಹಂತಹಂತವಾಗಿ ಕೇಳಿದಾಗ ಕಾರಣ ಹೊರಬಿತ್ತು. ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ನುಂಗಿದರೆ ಮಂಪರು ಬರುತ್ತದೆ, ಅದಕ್ಕಾಗಿಯೇ ಅದನ್ನು ಮಲಗುವಾಗ ಕೊಡುವುದು. ಅವರು ಪ್ಯಾಚನ್ನು ಔಷಧಿಯೆಂದೂ ಕ್ಯಾಪ್ಸೂಲನ್ನು ನಿದ್ರೆಯ ಮಾತ್ರೆಯೆಂದೂ ತಿಳಿದು, ಸಿಪ್ಯಾಪ್‌ನಿಂದಾಗಿ ನಿದ್ರೆ ಚೆನ್ನಾಗಿ ಬರತೊಡಗಿದ ಮೇಲೆ, ಅದನ್ನು ವಾರಕ್ಕೆ ಎರಡು ಮೂರು ಬಾರಿ ಮಾತ್ರ ನುಂಗುತ್ತಿದ್ದರು. ನಿದ್ರೆಮಾತ್ರೆಯ ಅಭ್ಯಾಸವಾಗಬಾರದೆಂಬ ಒಳ್ಳೆಯ ಉದ್ದೇಶವೇ ಅದರ ಹಿಂದೆ ಇತ್ತು.

ಪ್ರೊಜೆಸ್ಟರಾನಿನ ತಡೆಯಿಲ್ಲದ ಈಸ್ಟ್ರೋಜೆನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತಲೇ ಹೋಗುತ್ತದೆ. 1990ರ ದಶಕದ ಪೆಪಿ ಪ್ರಯೋಗದಲ್ಲಿ ಮೂರು ವರ್ಷ ಈಸ್ಟ್ರೋಜೆನ್ ಗುಳಿಗೆಯನ್ನಷ್ಟೇ ಪಡೆದ, ಗರ್ಭಕೋಶವಿದ್ದ ಮಹಿಳೆಯರಲ್ಲಿ ಶೇಕಡಾ 62ರಷ್ಟು ಮಂದಿಗೆ ಒಳಪದರದ ಅತಿಬೆಳವಣಿಗೆ ಆಗಿತ್ತು. ಅದರಲ್ಲಿ ಕೆಲವು ಬಗೆಗಳು ಕ್ಯಾನ್ಸರಿಗೆ ದಾರಿ ಮಾಡುತ್ತವೆ. ಅಲ್ಲಿ ಕೊಟ್ಟ ಪ್ರಮಾಣ ಇಲ್ಲಿನದಕ್ಕಿಂತ ಬಹಳ ಹೆಚ್ಚು ನಿಜ, ಆದರೆ ದಿಕ್ಕು ಒಂದೇ. ಸಣ್ಣ ನಳಿಕೆಯಿಂದ ಒಳಪದರದ ಚೂರು ತೆಗೆದು ಪರೀಕ್ಷಿಸಲಾಯಿತು. ಅತಿಬೆಳವಣಿಗೆಯಾಗಲಿ, ಅಸಹಜ ಕೋಶಗಳಾಗಲಿ ಇರಲಿಲ್ಲ. ಕ್ಯಾಪ್ಸೂಲಿನ ಡಬ್ಬಿಯ ಮೇಲೆ "ಗರ್ಭಕೋಶದ ರಕ್ಷಣೆಗೆ, ಪ್ರತಿ ರಾತ್ರಿ ತಪ್ಪದೆ" ಎಂದು ದೊಡ್ಡದಾಗಿ ಬರೆಸಲಾಯಿತು, ಪತಿಗೂ ವಿವರಿಸಲಾಯಿತು. ಮೂರು ತಿಂಗಳ ನಂತರ ಒಳಪದರ 4 ಮಿಲಿಮೀಟರಿಗೆ ಇಳಿದಿತ್ತು, ರಕ್ತ ಮತ್ತೆ ಕಾಣಲಿಲ್ಲ.

ವರ್ಷದ ಮರುಪರಿಶೀಲನೆ

ಪ್ಯಾಚ್ ಆರಂಭಿಸಿ ವರ್ಷ ತುಂಬಿದಾಗ ಅವರಿಗೆ 65 ದಾಟಿತ್ತು. ಮ್ಯಾಮೊಗ್ರಾಂ ಸರಿಯಾಗಿತ್ತು, ರಕ್ತದೊತ್ತಡ ಹಿಡಿತದಲ್ಲಿತ್ತು, ಮೂತ್ರದ ಸೋಂಕು ಒಟ್ಟು ಅವಧಿಯಲ್ಲಿ ಒಂದೇ ಬಾರಿ ಆಗಿತ್ತು. ಬೆರಳುಗಳ ಬಿಗಿತದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಅದು ಕೀಲು ಸವೆತವೆಂದು ಎಕ್ಸ್‌ರೇಯಲ್ಲಿ ಕಂಡಿತ್ತು.

ಮೂಳೆಯ ಪ್ರಶ್ನೆಯನ್ನು ಪ್ಯಾಚ್‌ಗೆ ಬಿಡಲಿಲ್ಲ. ಈಸ್ಟ್ರೋಜೆನ್ ಮೂಳೆಯನ್ನು ಕಾಯುತ್ತದೆ, ಸಣ್ಣ ಪ್ರಮಾಣದಲ್ಲಿಯೂ ಸ್ವಲ್ಪ ಕಾಯುತ್ತದೆ, ಆದರೆ ನಿಲ್ಲಿಸಿದ ಕೆಲವೇ ವರ್ಷಗಳಲ್ಲಿ ಆ ಲಾಭ ಕರಗುತ್ತದೆ. ಸೀಮಿತ ಅವಧಿಗೆ ಕೊಡುವ ಔಷಧಿಯ ಮೇಲೆ ಜೀವನಪೂರ್ತಿಯ ಮೂಳೆಯ ಭಾರ ಹೊರಿಸುವಂತಿಲ್ಲ. ತಾಯಿಯ ಮೂಳೆಮುರಿತವನ್ನು ಸೇರಿಸಿ ಲೆಕ್ಕ ಹಾಕಿದಾಗ ಚಿಕಿತ್ಸೆಯ ಮಿತಿ ದಾಟಿದ್ದರಿಂದ, ಡಿ ಜೀವಸತ್ವದ ಕೊರತೆ ತುಂಬಿದ ಮೇಲೆ, ಮೂಳೆ ಸವೆಯುವುದನ್ನು ತಡೆಯುವ ಜೊಲೆಡ್ರೊನಿಕ್ ಆಮ್ಲವನ್ನು ರಕ್ತನಾಳದ ಮೂಲಕ ಕೊಡಲಾಯಿತು. ತೂಕ ಹೊತ್ತು ಮಾಡುವ ವ್ಯಾಯಾಮವನ್ನೂ ಅವರು ಹಿಡಿದಿದ್ದರು.

ಪ್ಯಾಚ್ ನಿಲ್ಲಿಸಿ ನೋಡೋಣವೇ ಎಂಬ ಸಲಹೆಯನ್ನು ಅವರು ಸಂತೋಷದಿಂದ ಸ್ವೀಕರಿಸಲಿಲ್ಲ. ಹದಿಮೂರು ವರ್ಷ ಸಹಿಸಿ ಸಿಕ್ಕ ಸುಖವನ್ನು ಒಂದೇ ವರ್ಷಕ್ಕೆ ಕಿತ್ತುಕೊಳ್ಳುತ್ತೀರಾ ಎಂದು ಕೇಳಿದರು. ಕೊನೆಗೆ ಪ್ಯಾಚನ್ನು ಅರ್ಧ ಕತ್ತರಿಸಿ ಮೂರು ತಿಂಗಳು ಬಳಸಿ ನೋಡುವುದೆಂದಾಯಿತು. ಔಷಧಿ ಅಂಟಿನೊಳಗೇ ಹರಡಿರುವ ಬಗೆಯ ಪ್ಯಾಚ್ ಅದಾಗಿದ್ದರಿಂದ ಹೀಗೆ ಕತ್ತರಿಸಲು ಸಾಧ್ಯವಿತ್ತು; ಔಷಧಿ ಚೀಲದಂತೆ ತುಂಬಿರುವ ಬಗೆಯನ್ನು ಕತ್ತರಿಸುವಂತಿಲ್ಲ. ಕ್ಯಾಪ್ಸೂಲ್ ಅಲ್ಲಿಯವರೆಗೆ ಪ್ರತಿ ರಾತ್ರಿ ಮುಂದುವರಿಯುತ್ತದೆ. ಝಳ ಮರುಕಳಿಸದಿದ್ದರೆ ಎರಡನ್ನೂ ನಿಲ್ಲಿಸುವುದು, ಮರುಕಳಿಸಿದರೆ ಹೃದಯದ ಅಪಾಯವನ್ನು ಹೊಸದಾಗಿ ಲೆಕ್ಕ ಹಾಕಿ ಇನ್ನೊಂದು ವರ್ಷಕ್ಕೆ ಮತ್ತೆ ತೀರ್ಮಾನಿಸುವುದು. ಯೋನಿಯ ಗುಳಿಗೆಗೆ ಇಂಥ ಗಡುವು ಇಲ್ಲ. ಬಿಟ್ಟರೆ ತೊಂದರೆ ಮರಳುವುದರಿಂದ ಅದನ್ನು ಬೇಕಿರುವಷ್ಟು ಕಾಲ ಮುಂದುವರಿಸಬಹುದೆಂದು ದಾಖಲೆಯಲ್ಲಿ ಬರೆಯಲಾಗಿದೆ.